ನೂರಿಪ್ಪತ್ತು ದಾಟಿದರೆ

ಬೆಳಗಿನ ಮೂರೂವರೆಗೆ ಅಲ್ ಖುವೈರ್ ಬಿಟ್ಟೆವು.
ಮಕ್ಕಳನ್ನು ನಿದ್ದೆಯಲ್ಲೇ, ಇಸ್ತ್ರಿ ಬಟ್ಟೆಯ ಹಾಗೆ
ಮಡಿಕೆ ಮುರಿಯದಂತೆ ಎತ್ತಿ ತಂದು
ಹಿಂದಿನ ಸೀಟಿಗೆ ಇಳಿಸಿದ್ದು.
ನಿಜ್ವಾವರೆಗಾದರೂ ಏಳಲಾರವು, ಎಂದು ಇವರ ಲೆಕ್ಕ.
ಸುಮಾಯಿಲ್ ತಿರುವಿಗೇ ಎರಡೂ ಎದ್ದು ಕೂತವು:
"ಸಲಾಲ ಬಂತಾ?"

ಸಾವಿರ ಕಿಲೋಮೀಟರು, ಮಗಾ.
"ಸಾವಿರ ಅಂದ್ರೆ ಎಷ್ಟು ಕಾರ್ಟೂನು?"

ಪಕ್ಕದ ಫ್ಲ್ಯಾಟಿನ ಶೀಬಾ ಚೇಚಿ ಬರೆದುಕೊಟ್ಟ ಚೀಟಿ ಇದೆ ನನ್ನ ಬಳಿ.
ವಾಂತಿಗೆ ಕವರು, ಮೂಸಲು ನಿಂಬೆಹಣ್ಣು,
ಬಿಳಿ ಅಂಗಿ ಹಾಕಬೇಡ, ಬಾಳೆಹಣ್ಣಂತೂ ಕೊಡಲೇಬೇಡ.
ಆದಮ್ ದಾಟುವಷ್ಟರಲ್ಲಿ
ಬಾಳೆಹಣ್ಣು ಬಿಳಿ ಅಂಗಿಯ ಮೇಲಿತ್ತು.

ಆಮೇಲೆ ರಸ್ತೆ ತಿರುಗುವುದನ್ನೇ ಮರೆಯಿತು.
ಮರಳು ಅಂದುಕೊಂಡು ಬಂದಿದ್ದೆ. ಮರಳೂ ಅಲ್ಲ, ಜಲ್ಲಿ.
ದೇವರು ಮನೆ ಕಟ್ಟಲೆಂದು ಸುರಿಸಿ
ಲೈಸೆನ್ಸು ಸಿಗದೆ ಬಿಟ್ಟುಹೋದಷ್ಟು ಜಲ್ಲಿ.

ಮೇದಿನಿ ನನ್ನ ದುಪಟ್ಟಾ ಹಾಸಿ ಸೀಟಿಗೆ ಗಡಿ ಹಾಕಿದಳು.
"ದಾಟಿದ್ರೆ ವೀಸಾ ಬೇಕು."
ಮೂರು ವರ್ಷದ ಕುಶಾಲ ದಾಟಿದ. ವೀಸಾ ಇಲ್ಲದೆ,
ಒಂದು ಕಾಲಿಗೆ ಬೂಟೂ ಇಲ್ಲದೆ.
ಗಡೀಪಾರು, ಕಚ್ಚಾಟ, ಮುಂದಿನ ಸೀಟಿನಿಂದ
ಕೈ ಹಿಂದೆ ಬೀಸಿದ ನನ್ನದೊಂದು ಏಟು,
ಯಾರಿಗೂ ತಾಗದ್ದು, ಇಬ್ಬರೂ ಅತ್ತದ್ದು.

ಗಾಬಾದಲ್ಲಿ ಇಳಿದು ಹಿಂದೆ ಹೋಗಿ ನಡುವೆ ಕೂತೆ.
ಇನ್ನು ನಾನೇ ಗಡಿ.
ಎಡದ ತೊಡೆ ಅವಳಿಗೆ, ಬಲದ್ದು ಅವನಿಗೆ.
ಇದ್ದ ಕಥೆಗಳು ಮುಗಿದವು, ಇಲ್ಲದವೂ ಮುಗಿದವು.
ಒಂಟೆ ಎಣಿಸಿದೆವು:
ಬೋರ್ಡಿನ ಮೇಲೆ ಇಪ್ಪತ್ತೆರಡು, ನೆಲದ ಮೇಲೆ ಸೊನ್ನೆ.

ಆಗ ಇವರು ಟ್ರೈಲರೊಂದನ್ನು ಹಿಂದಿಕ್ಕಲು ಒತ್ತಿದರು.
ಮುಳ್ಳು ನೂರಿಪ್ಪತ್ತು ದಾಟಿತು, ಕಾರು ಟಿಂಗ್ ಟಿಂಗ್ ಅಂದಿತು.
ಇಲ್ಲಿನ ಹಳೇ ಕಾರುಗಳೆಲ್ಲ ಹೀಗೇ,
ವೇಗ ಮೀರಿದರೆ ಬಾಕಿ ಕೇಳುವವರ ಹಾಗೆ ಬಾಗಿಲು ಬಡಿಯುತ್ತವೆ.
ಕುಶಾಲ ಸುಮ್ಮನಾದ. ಕಣ್ಣು ತೇಲಿಸಿದ. ಮಲಗಿದ.

ನೂರಹದಿನೆಂಟಕ್ಕೆ ಎಚ್ಚರ,
ನೂರಿಪ್ಪತ್ತೊಂದಕ್ಕೆ ಗೊರಕೆ.
ಮುಂದೆ ರಾಡಾರ್ ಕಂಬ, ಹಿಂದೆ ಮಗ.
"ಕ್ಯಾಮೆರಾ ಬಂತು," ಎಂದರು ಇವರು ಪಿಸುದನಿಯಲ್ಲಿ.
ಕಾರು ಬಾಯಿ ಮುಚ್ಚಿತು. ಅವನ ರೆಪ್ಪೆ ಅದುರಿತು.
ನಾನೇ ಶುರು ಮಾಡಿದೆ: ಟಿಂಗ್. ಟಿಂಗ್. ಟಿಂಗ್.
ಮೇದಿನಿಯೂ ಸೇರಿದಳು, ನನ್ನ ಮೇಲಿಂದ ಬಾಗಿ
ಅವನ ಕಿವಿಯ ಹತ್ತಿರ, ವೀಸಾ ಕೇಳದೆ.
ಮುಂದಿನ ಕಂಬಕ್ಕೆ ಇವರೂ.
ಸಿಮೆಂಟು ಕಂಪನಿಯ ಅಕೌಂಟೆಂಟು,
ಫೋನಿನಲ್ಲಿ ತಮ್ಮ ತಾಯಿಗೂ "ಸರಿ, ಇಡ್ತೀನಿ" ಅನ್ನುವ ಮನುಷ್ಯ,
ಸ್ಟಿಯರಿಂಗಿನ ಹಿಂದೆ ಗಂಭೀರವಾಗಿ ಟಿಂಗ್ ಅನ್ನುತ್ತಿದ್ದರು.

ಹೈಮಾದ ಪೆಟ್ರೋಲ್ ಬಂಕಿನಲ್ಲಿ, ಟಾಯ್ಲೆಟ್ಟಿನ ಸಾಲಲ್ಲಿ,
ಮುಪ್ಪಿನ ಒಮಾನಿಯೊಬ್ಬರು ನನ್ನ ಅಂಗಿಯ ಕಲೆ ನೋಡಿ ಕೇಳಿದರು,
"ಕಮ್ ವಲದ್?"
ಎಷ್ಟು ಮಕ್ಕಳು ಅಂತ. ಎರಡು ಬೆರಳು ತೋರಿಸಿದೆ.
ಅವರು ತಮ್ಮ ಗಾಡಿಯ ಕಡೆ ಕೈ ಮಾಡಿ
ಮೊಮ್ಮಕ್ಕಳ ಲೆಕ್ಕಕ್ಕೆ ಒಂಬತ್ತು ಬೆರಳು ತೋರಿಸಿ
ಆಕಾಶ ನೋಡಿದರು.
ಒಂದು ಡಬ್ಬಿ ಖರ್ಜೂರ ಕೊಟ್ಟರು, ಯುದ್ಧಕ್ಕೆ ಹೊರಟವಳಿಗೆ ಕೊಟ್ಟ ಹಾಗೆ.

ಸಂಜೆ ತುಮ್ರೈತ್ ದಾಟಿ ಬೆಟ್ಟ ಇಳಿಯುವಾಗ
ಒಮ್ಮೆಲೇ ಮಂಜು. ಗಾಜಿನ ಮೇಲೆ ಹನಿ, ಇನ್ನೊಂದು ಹನಿ.
ಇದಕ್ಕಾಗಿಯೇ ಬಂದದ್ದು.
ಕುಶಾಲ ಎದ್ದ. ನೋಡಿದ.
"ಏಸಿ ಸೋರ್ತಿದೆ."
"ಮೇಲಿನ ಮನೆಯವರದು," ಎಂದಳು ಮೇದಿನಿ, ತಿಳಿದವಳ ಹಾಗೆ.
ಯಾರೂ ತಿದ್ದಲಿಲ್ಲ. ಕಿಟಕಿ ಇಳಿಸಿದೆವು.
ನಲವತ್ತರಲ್ಲಿ ತೆವಳುತ್ತಿತ್ತು ಕಾರು, ಸದ್ದಿಲ್ಲದೆ,
ಯಾರಿಗೂ ನಿದ್ದೆ ಇಲ್ಲ.

ಊರು ಮುಟ್ಟಿದ ಮೇಲೆ, ಸಾಲು ಅಂಗಡಿಗಳ ಮುಂದೆ
ಇವರು ಗಾಡಿ ನಿಲ್ಲಿಸಿ ಇಳಿದು ಹೋದರು,
ಬಂದರು ಒದ್ದೆ ತಲೆಯಲ್ಲಿ, ನಗುತ್ತ,
ಕೈಯಲ್ಲಿ ಇಡೀ ಒಂದು ಚಿಪ್ಪು
ಬಾಳೆಹಣ್ಣು.